ನಿಂತಲ್ಲೇ ಓಡಿದ ಜೀಪು

ಶಿದ್ಲಿಂಗಪ್ಪನ ಜೀಪು ಹೊಗೆ ಬಿಡುವುದಿಲ್ಲ ಎಂಬುದೇನೂ ದೊಡ್ಡ ಮಾತಲ್ಲ. ಎದುರಿಗೆ ಬರುವ ಲಾರಿ, ಟ್ರ್ಯಾಕ್ಟರುಗಳು ಬಿಟ್ಟ ಹೊಗೆಯನ್ನೂ ಅದು ಮೂತಿಯಿಂದ ಎಳೆದುಕೊಂಡು, ಹೊಟ್ಟೆಯೊಳಗೆ ಸೋಸಿ, ಹಿಂದಿನಿಂದ ನಸುಕಿನ ತಂಪು ಗಾಳಿ ಮಾಡಿ ಬಿಡುತ್ತಿತ್ತು. ಅಣ್ಣಿಗೇರಿಯಿಂದ ನವಲಗುಂದದ ತನಕ ರಸ್ತೆಯ ಎರಡೂ ಬಾಜು ಕಡಲೆ ಗಿಡ ಒಂದು ಗೇಣು ಹೆಚ್ಚು ಎತ್ತರ ಬೆಳೆಯುವುದಕ್ಕೆ ಬೇರೆ ಕಾರಣವೇ ಇರಲಿಲ್ಲ. ಹಿಂದೆ ಬರುವ ಬೈಕಿನವರು ಅವನನ್ನು ದಾಟಿ ಹೋಗುತ್ತಿರಲಿಲ್ಲ, ಆ ಗಾಳಿ ತಪ್ಪಿಹೋದೀತೆಂದು. ಯಮನೂರಿನ ಹತ್ತಿರ ಒಮ್ಮೆ ಉಬ್ಬಸ ಎದ್ದು ಮೈಲುಗಲ್ಲಿಗೆ ಆತು ಕುಳಿತಿದ್ದ ಮುದುಕನನ್ನು ಹಿಡಿದೆತ್ತಿ, ಸೈಲೆನ್ಸರಿನ ಬಾಯಿಗೆ ಮುಖ ಮಾಡಿ ಕೂರಿಸಿ, ಎರಡು ಸಲ ರೇಸ್ ಕೊಟ್ಟಿದ್ದಕ್ಕೆ ಆ ಮುದುಕ ಧೋತರ ಕೊಡವಿ ಎದ್ದವನು ಜೀಪು ಹತ್ತದೆ ನಡೆದೇ ನವಲಗುಂದ ಮುಟ್ಟಿ, ಇವರಿಗಿಂತ ಮೊದಲು ಚಹಾ ಕುಡಿಯುತ್ತ ಕುಳಿತಿದ್ದ. ಇದನ್ನೆಲ್ಲ ಶಿದ್ಲಿಂಗಪ್ಪ ಸ್ಟೇರಿಂಗಿನ ಮೇಲೆ ಒಂದೇ ಕೈ ಇಟ್ಟು, ಕನ್ನಡಿಯಲ್ಲಿ ಹಿಂದಿನ ಸೀಟಿನವರ ಮುಖ ನೋಡುತ್ತ ಹೇಳುತ್ತಿದ್ದ. ಮುದುಕನ ಕಥೆಯನ್ನು ಮಾತ್ರ ಈಚೆಗೆ ಬಿಟ್ಟುಬಿಟ್ಟಿದ್ದ. ಯಾರಾದರೂ ನೆನಪು ಮಾಡಿ ಕೇಳಿದರೆ, ಅದು ಬೇರೆಯವರ ಗಾಡಿ ಇರಬೇಕು ಎನ್ನುತ್ತಿದ್ದ.

ಇವತ್ತು ಮುಂಜಾನೆ ಅದೇ ಸೈಲೆನ್ಸರಿನ ಬಾಯಿಗೆ ತೋಳಿನಷ್ಟು ದಪ್ಪದ ಒಂದು ಕೊಳವೆ ಕಟ್ಟಿದ್ದರು. ಕೊಳವೆಯಿಂದ ಹೊರಟ ಸಣ್ಣ ನಳಿಗೆಗಳು ಹಿಂದಿನ ಬಾಗಿಲಿಗೆ ಪಟ್ಟಿ ಹಾಕಿ ಬಿಗಿದ ಪೆಟ್ಟಿಗೆಯೊಳಗೆ ಹೋಗಿದ್ದವು. ಜೀಪಿನ ಚಾವಣಿ, ಅಂದರೆ ಟಪ್ಪಿನ ಮೇಲೆ ಬ್ಯಾಟರಿ, ಅದರ ಬಾಜು ಅಣಬೆಯಂಥ ಒಂದು ಆಂಟೆನಾ. ಅಣ್ಣಿಗೇರಿ ಸ್ಟ್ಯಾಂಡಿನಲ್ಲಿದ್ದ ಮಂದಿ ಒಬ್ಬೊಬ್ಬರಾಗಿ ಬಂದು, ಗಾಡಿಗೆ ಸಲಾಯಿನ್ ಹಚ್ಚಿದ್ದಾರೆಂದು ನಕ್ಕು ಹೋದರು. ಪೆಟ್ಟಿಗೆ ತಂದವಳು ರೋಹಿಣಿ, ಕಲಘಟಗಿ ಕಡೆಯ ತಂಬೂರು ಎಂಬ ಊರಿನ ಹುಡುಗಿ, ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು. ಅವಳ ಕೆಲಸ ಇಷ್ಟೇ: ಒಂದೇ ಗಾಡಿಯನ್ನು ಮೊದಲು ಲ್ಯಾಬಿನಲ್ಲಿ ಓಡಿಸಿ ಹೊಗೆ ಅಳೆಯುವುದು, ಆಮೇಲೆ ಅದು ದಿನವೂ ಓಡುವ ರಸ್ತೆಯಲ್ಲಿ, ದಿನವೂ ಓಡುವ ಹಾಗೆಯೇ ಓಡಿಸಿ ಅಳೆಯುವುದು, ಎರಡಕ್ಕೂ ಎಷ್ಟು ಅಂತರ ಎಂದು ನೋಡುವುದು. ತಾನು ಆರ್‌ಟಿಓ ಕಡೆಯವಳಲ್ಲ, ದಂಡ ಗಿಂಡ ಏನೂ ಇಲ್ಲ, ಯಾರ ಹೆಸರೂ ಎಲ್ಲೂ ಬರುವುದಿಲ್ಲ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಆದರೂ ಸ್ಟ್ಯಾಂಡಿನ ಉಳಿದ ಜೀಪಿನವರು, ಅವಳ ನೆರಳು ಕಂಡ ಕೂಡಲೇ ಬಾಡಿಗೆ ನೆನಪಾದವರ ಹಾಗೆ ಗಾಡಿ ತಿರುಗಿಸಿಕೊಂಡು ಹೋಗಿದ್ದರು. ಮುಂದೆ ಬಂದವನು ಶಿದ್ಲಿಂಗಪ್ಪ ಒಬ್ಬನೇ. ಧೈರ್ಯ ಎಂದು ಮಂದಿ ತಿಳಿದರು, ಅವನೂ ತಿಳಿಯಲಿ ಎಂದೇ ಬಿಟ್ಟ. ಅವನಿಗೆ ಆ ಪೆಟ್ಟಿಗೆ ಬೇಕಾಗಿತ್ತು. ಕಲಿತವರ ಪೆಟ್ಟಿಗೆ ತನ್ನ ಬಾಯಿಂದಲೇ, ಹೊಗೆ ಇವನದಲ್ಲ ಎಂದು ಹೇಳಬೇಕಾಗಿತ್ತು.

ಯಾಕೆಂದರೆ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಅವನ ಅಕ್ಕ ತಾಯವ್ವನ ಚಹಾದ ಅಂಗಡಿ ಇತ್ತು, ಮತ್ತು ಜೀಪು ಯಾವಾಗಲೂ ಅಂಗಡಿಗೆ ಬೆನ್ನು ಮಾಡಿಯೇ ನಿಲ್ಲುತ್ತಿತ್ತು. ಹಾಗೆ ನಿಂತರೆ ಮೂತಿ ರಸ್ತೆಯ ಕಡೆಗೆ ಇರುತ್ತದೆ, ಮಂದಿ ತುಂಬಿದ ಕೂಡಲೇ ಹೊರಡಬಹುದು. ಮಂದಿ ತುಂಬುವ ತನಕ ಇಂಜಿನ್ ಚಾಲೂ ಇರಬೇಕು. ಬಂದ್ ಮಾಡಿದ ಗಾಡಿ ಹೊರಡುವ ಗಾಡಿಯಲ್ಲ ಎಂದು ತಿಳಿದು ಮಂದಿ ಬೇರೆ ಜೀಪು ಹತ್ತುತ್ತಾರೆ. ನಡುನಡುವೆ ರೇಸ್ ಕೊಡಬೇಕು. ಆ ಗುರುಗುರು ಕೇಳಿದರೆ ಸಂತೆಯ ಆ ತುದಿಯಲ್ಲಿದ್ದವರೂ ಚೀಲ ಎತ್ತಿಕೊಂಡು ಓಡಿ ಬರುತ್ತಾರೆ. ಅವನು ರೇಸ್ ಕೊಟ್ಟಾಗಲೆಲ್ಲ ತಾಯವ್ವ ಹಾಲಿನ ಪಾತೇಲಿಯ ಮೇಲೆ ತಾಟು ಮುಚ್ಚುತ್ತಿದ್ದಳು, ತಿರುಗಿ ನೋಡದೆ, ಹುಳ ಅಟ್ಟುವ ಹಾಗೆ. ಅವಳಿಗೆ ಕೆಮ್ಮು ಹತ್ತಿ ಎರಡು ಚಳಿಗಾಲ ಆಗಿತ್ತು. ಹುಬ್ಬಳ್ಳಿಯ ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ, ಹೊಗೆಯಲ್ಲಿ ಕೂರುತ್ತೀರೇನು ಎಂದು ಕೇಳಿದ್ದರು. ಅಕ್ಕ ಬಾಯಿ ತೆರೆಯುವ ಮೊದಲೇ ಶಿದ್ಲಿಂಗಪ್ಪ, ಕಟ್ಟಿಗೆ ಒಲೆ ಐತ್ರಿ ಎಂದು ಉತ್ತರ ಕೊಟ್ಟಿದ್ದ. ಆಗ ಅಕ್ಕ ತನ್ನ ಕಡೆಗೆ ನೋಡಿದಳೋ ಅಥವಾ ತನ್ನ ಹಿಂದಿದ್ದ ಕಿಟಕಿಯ ಕಡೆಗೆ ನೋಡಿದಳೋ ಅವನಿಗೆ ಇವತ್ತಿಗೂ ಬಗೆಹರಿದಿಲ್ಲ. ಒಮ್ಮೊಮ್ಮೆ ಕಿಟಕಿ ಎನ್ನಿಸುತ್ತದೆ. ಅಲ್ಲಿ ಒಂದು ಪಾರಿವಾಳ ಇತ್ತು. ಮರುವಾರವೇ ಅವನು ತಾನಾಗಿ ನಿಂತು ಒಲೆ ಕೀಳಿಸಿ ಗ್ಯಾಸು ತಂದಿಟ್ಟ. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, ಅಕ್ಕನಿಗೋಸ್ಕರ ದುಬೈ ಶೇಖ್‌ಗಳ ಮನೆಯಲ್ಲೂ ಇಲ್ಲದ ಒಲೆ ತಂದೀನಿ ಎಂದ. ಒಲೆ ಹೋಯಿತು, ಕೆಮ್ಮು ಹೋಗಲಿಲ್ಲ. ಅಂಗಡಿಯ ಹಿಂದಿನ ಗೋಡೆ, ಒಲೆಯ ಮಸಿ ಹಿಡಿದದ್ದನ್ನು ಸುಣ್ಣ ಬಳಿದು ಬೆಳ್ಳಗೆ ಮಾಡಿದ್ದರು, ದೀಪಾವಳಿ ದಾಟುವುದರೊಳಗೆ ಮತ್ತೆ ಬೂದಿ ಬಣ್ಣಕ್ಕೆ ತಿರುಗಿತು. ಅವನು ಆ ಗೋಡೆಯ ಕಡೆ ನೋಡುವುದನ್ನು ಬಿಟ್ಟ. ಚಹಾವನ್ನು ಜೀಪಿನಲ್ಲಿ ಕುಳಿತೇ ತರಿಸಿಕೊಂಡು ಕುಡಿಯತೊಡಗಿದ.

ಲ್ಯಾಬಿನಲ್ಲಿ ನಿನ್ನೆ ಅವನನ್ನು ಸೀಟಿನಿಂದ ಇಳಿಸಿದ್ದರು. ಅಲ್ಲಿಯ ಚಾಲಕನೇ ಓಡಿಸಬೇಕಂತೆ, ನಿಯಮವಂತೆ. ಬೂಟು ಬಿಚ್ಚಿ ಬಿಳಿ ಕಾಲುಚೀಲದಲ್ಲಿ ಬಂದ ಆ ಮನುಷ್ಯ ಸೀಟಿನ ಮೇಲಿದ್ದ ಟವೆಲ್ಲನ್ನು ಎರಡು ಬೆರಳಿನಿಂದ ಎತ್ತಿ ಬಾಜು ಇಟ್ಟ. ಆ ಎರಡು ಬೆರಳು ಶಿದ್ಲಿಂಗಪ್ಪನಿಗೆ ರಾತ್ರಿ ಊಟಕ್ಕೆ ಕುಳಿತಾಗಲೂ ಕಂಡವು. ಜೀಪಿನ ಹಿಂದಿನ ಗಾಲಿಗಳನ್ನು ನೆಲದೊಳಗಿನ ಉರುಳೆಗಳ ಮೇಲೆ ನಿಲ್ಲಿಸಿ, ಸರಪಳಿಯಿಂದ ನಾಲ್ಕೂ ಕಡೆ ಕಟ್ಟಿ, ಮುಂದೆ ಒಂದು ದೊಡ್ಡ ಫ್ಯಾನು ಇಟ್ಟರು. ಪರದೆಯ ಮೇಲೆ ಒಂದು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಕಾಲುಚೀಲದವನು ಆ ಗೆರೆಗೆ ಸರಿಯಾಗಿ ಎಕ್ಸಲೇಟರ್ ಒತ್ತುತ್ತಿದ್ದ. ಜೀಪು ಓಡಿತು, ಮುಳ್ಳು ಏರಿತು, ಗಾಲಿ ಬಿರುಬಿರನೆ ತಿರುಗಿದವು, ಆದರೆ ಅದು ಎಲ್ಲಿಗೂ ಹೋಗಲಿಲ್ಲ. ಗಾಜಿನ ಆಚೆ ಕೈಕಟ್ಟಿ ನಿಂತ ಶಿದ್ಲಿಂಗಪ್ಪನಿಗೆ ಸ್ವಂತ ದನವನ್ನು ಬೇರೆಯವರು ಹಿಂಡುವುದನ್ನು ನೋಡುವಾಗಿನ ಸಂಕಟವೇ ಆಯಿತು. ಆ ಗೆರೆಯಲ್ಲಿ ಕುರಿ ಹಿಂಡು ಇರಲಿಲ್ಲ. ಕೈ ಮಾಡಿ ನಿಲ್ಲಿಸಿ, ಕಾಕಾನ ಮಗ ಬರುತ್ತಾನೆ ತಡಿ ಎನ್ನುವವರು ಇರಲಿಲ್ಲ. ಎರೆಮಣ್ಣು ಹಸಿಯಾಗಿ ಗಾಲಿಗೆ ಮೆತ್ತಿಕೊಳ್ಳುವುದು, ಟಪ್ಪಿನ ಮೇಲೆ ಮೆಣಸಿನಕಾಯಿ ಚೀಲ, ಚೀಲದ ಮೇಲೆ ಮನುಷ್ಯ, ಏನೂ ಇರಲಿಲ್ಲ. ಹೀಗೂ ಒಂದು ರಸ್ತೆ ಇದ್ದೀತೆ ಎಂದು ಅವನು ಬೆರಗಾದ. ಆಮೇಲೆ ಆ ರಸ್ತೆಯ ಮೇಲೆ ಅವನಿಗೆ ಒಂದು ಥರದ ಆಸೆ ಹುಟ್ಟಿತು. ಅಲ್ಲಿ ಯಾರೂ ಹಿಂದೆ ಕೂತು ಕೆಮ್ಮುವುದಿಲ್ಲ. ಎಲ್ಲ ಮುಗಿದ ಮೇಲೆ ರೋಹಿಣಿ, ಗಾಡಿ ಹಳೆಯದಾದರೂ ಲ್ಯಾಬಿನಲ್ಲಿ ಚಲೋ ಬಂದಿದೆ, ನಾಳೆ ರಸ್ತೆಯಲ್ಲಿ ನೋಡೋಣ ಎಂದಳು. ನಾಳೆ ಇದಕ್ಕಿಂತ ಚಲೋ ಬರುತ್ತದೆ, ನಿಮ್ಮ ಪೆಟ್ಟಿಗೆ ತಾನೇ ನಾಚಿಕೊಳ್ಳುತ್ತದೆ ಎಂದು ಶಿದ್ಲಿಂಗಪ್ಪ ಹೇಳಿದ. ಅವಳು ನಕ್ಕಳು. ಹೆಂಗ ಐತಿ ಹಂಗ ತರ್ರಿ ಕಾಕಾ, ಏನೂ ಮುಟ್ಟಬ್ಯಾಡ್ರಿ, ಎಂದಿದ್ದಳು ಲ್ಯಾಬಿಗೆ ಕರೆಯುವ ದಿನವೇ. ಅವನು ಹೂಂ ಎಂದಿದ್ದ.

ಮುಟ್ಟಿದ್ದು ಅವನಲ್ಲ, ಮೆಕ್ಯಾನಿಕ್ ಯಲ್ಲಪ್ಪ, ಎಂದು ಬೇಕಾದರೆ ಹೇಳಬಹುದು. ಆ ಸ್ಟ್ಯಾಂಡಿನ ಜೀಪುಗಳೆಲ್ಲವೂ ವರ್ಷದಲ್ಲಿ ಎರಡು ಥರ ಬದುಕುತ್ತಿದ್ದವು. ಹೊಗೆ ತಪಾಸಣೆಯ ಚೀಟಿ ತರುವ ಹಿಂದಿನ ದಿನ ಎಲ್ಲರೂ ಯಲ್ಲಪ್ಪನ ಶೆಡ್ಡಿಗೆ ಹೋಗುತ್ತಿದ್ದರು. ಅವನು ಬಾಯಿಯೊಳಗಿನ ಎಲೆ ಅಡಿಕೆ ತೆಗೆಯದೆಯೇ, ಇಳಸಲೇನು, ಎಂದು ಕೇಳುತ್ತಿದ್ದ. ಇಳಿಸುವುದೆಂದರೆ ಡೀಸೆಲ್ ಪಂಪಿನ ಒಂದು ಸ್ಕ್ರೂ ತಿರುವಿ ಇಂಜಿನ್ನಿಗೆ ಡೀಸೆಲ್ ಕಡಿಮೆ ಹೋಗುವ ಹಾಗೆ ಮಾಡುವುದು. ಹೊಗೆ ತಾನಾಗಿ ತಿಳಿಯಾಗುತ್ತದೆ. ಚೀಟಿ ಕೈಗೆ ಬಂದ ಮರುದಿನ ಮತ್ತೆ ಶೆಡ್ಡು, ಏರಿಸುವುದು. ಏರಿಸದಿದ್ದರೆ ತುಂಬಿದ ಗಾಡಿ ಏರು ಹತ್ತುವುದಿಲ್ಲ. ಇದನ್ನು ಯಾರೂ ಮೋಸ ಎಂದುಕೊಂಡಿರಲಿಲ್ಲ. ಮದುವೆಗೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕುವ ಹಾಗೆ, ಅಷ್ಟೇ. ಮೊನ್ನೆ ಶಿದ್ಲಿಂಗಪ್ಪ ಹೋದಾಗ ಯಲ್ಲಪ್ಪ, ಚೀಟಿಯ ಕಾಲ ಇನ್ನೂ ಬಂದಿಲ್ಲವಲ್ಲ ಎಂದು ತಲೆ ಕೆರೆದ. ಇಳಿಸು ಎಂದಷ್ಟೇ ಶಿದ್ಲಿಂಗಪ್ಪ ಹೇಳಿದ. ಲ್ಯಾಬು ಮುಗಿದ ಮೇಲೆ ನಿನ್ನೆ ಸಂಜೆ ಏರಿಸಿಕೊಳ್ಳಲು ಹೋಗಬಹುದಿತ್ತು. ಶೆಡ್ಡಿನ ಮುಂದೆ ಹಾಯ್ದೇ ಬಂದ, ಬ್ರೇಕಿನ ಮೇಲೆ ಕಾಲೂ ಇಟ್ಟ, ಆಮೇಲೆ ತೆಗೆದ. ಒಂದೇ ದಿನದ ಮಾತು, ಮೆಲ್ಲಗೆ ಹೊಡೆದರಾಯಿತು, ಪೆಟ್ಟಿಗೆ ಹೇಳಬೇಕಾದ್ದನ್ನು ಹೇಳಲಿ. ಹೇಳಿದ ಮೇಲೆ ಅದು ಸುಳ್ಳಾದರೂ ಎಲ್ಲೋ ಒಂದು ಕಡೆ ನಿಜವೇ ಆಗಿ ಉಳಿಯುತ್ತದೆ ಎಂದು ಅವನಿಗೆ ಅನ್ನಿಸಿತು. ಆ ಅನ್ನಿಸಿಕೆ ಬೆಳಗಿನ ತನಕ ಬಾಯಲ್ಲಿ ಸಿಕ್ಕ ನಾರಿನ ಹಾಗೆ ಇತ್ತು.

ಮಂದಿಯ ಬದಲು ಅಷ್ಟೇ ತೂಕದ ಮರಳಿನ ಚೀಲ ಹಾಕಬೇಕೆಂದು ರೋಹಿಣಿ ಮೊದಲು ಅಂದುಕೊಂಡಿದ್ದಳು, ಕಾಲೇಜಿನ ಗಾಡಿಯಲ್ಲಿ ತಂದೂ ಇದ್ದಳು. ದಿನವೂ ಯಮನೂರಿಗೆ ಹೋಗುವ ಬಳೆಗಾರ್ತಿ ಜೈನಬಿ ಅದನ್ನು ಕಂಡು ಸೊಂಟದ ಮೇಲೆ ಕೈ ಇಟ್ಟಳು. "ಮರಳಿನ ಚೀಲಕ್ಕ ಸೀಟು, ನಾವು ನಡಕೊಂಡು ಹೋಗೂದೇನ್ರಿ ಬಾಯಾರ? ಅದೇನು ನವಲಗುಂದದಾಗ ಸಂತಿ ಮಾಡತೈತೇನು?" ಎಂದು ಕೇಳಿದಳು. ಸ್ಟ್ಯಾಂಡೆಲ್ಲ ನಕ್ಕಿತು, ರೋಹಿಣಿಯೂ ನಕ್ಕು, ಹಾಗಾದರೆ ದಿನದ ಮಂದಿಯೇ ಕೂರಲಿ, ಅದೇ ಹೆಚ್ಚು ಖರೆ ಆಗುತ್ತದೆ ಎಂದಳು. ಶಿದ್ಲಿಂಗಪ್ಪ ನಗಲಿಲ್ಲ. ಮರಳು ಮಾತಾಡುವುದಿಲ್ಲ ಎಂಬುದೊಂದೇ ಅವನ ತಲೆಯಲ್ಲಿತ್ತು. ಹತ್ತು ಸೀಟಿನಲ್ಲಿ ಯಾವತ್ತಿನ ಹಾಗೆ ಒತ್ತಿಕೊಂಡು ಮಂದಿ ಕುಳಿತರು. ಗೋಡೆ ಕಟ್ಟುವ ಕೆಲಸಕ್ಕೆ ಹೊರಟ ಗೌಂಡಿಗಳು ಟಪ್ಪು ಹತ್ತಿ ಬ್ಯಾಟರಿಯ ಸುತ್ತ ಕಾಲು ಮಡಚಿದರು. ಕೊನೆಗೆ ಜೈನಬಿ ಒಳಗಿನಿಂದ, ಅಕ್ಕಾ ಬಾ ಇಲ್ಲಿ, ಎಂದು ಕರೆದಾಗ ಶಿದ್ಲಿಂಗಪ್ಪ ಕನ್ನಡಿಯಲ್ಲಿ ಕಂಡ: ತಾಯವ್ವ ಅಂಗಡಿಯ ತಡಿಕೆ ಎಳೆದು, ಹೊಸ ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದು, ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದಳು. ಯಮನೂರಿನ ದರ್ಗಾಕ್ಕೆ ಹೋಗಿ ಕೆಮ್ಮಿಗೆ ಹರಕೆ ಹೊತ್ತು ಬರೋಣ ಎಂದು ಜೈನಬಿ ತಿಂಗಳಿನಿಂದ ಬೆನ್ನು ಹತ್ತಿದ್ದಳಂತೆ. ಅಕ್ಕ ಇಷ್ಟು ವರ್ಷದಲ್ಲಿ ಅವನ ಜೀಪು ಹತ್ತಿದ್ದು ಕಡಿಮೆ; ಅವಳು ನೋಡುತ್ತಿದ್ದದ್ದು ಯಾವಾಗಲೂ ಅದರ ಹಿಂಭಾಗವನ್ನು. ಅವಳು ಪೆಟ್ಟಿಗೆಯ ಬಾಜುವೇ ಕುಳಿತಳು. ಇದೇನು ಮಾಡುತ್ತದೆ ಎಂದು ರೋಹಿಣಿಯನ್ನು ಕೇಳಿದಳು, ಅವಳು ಹೇಳಿದ್ದನ್ನು ಕೇಳಿ, ಚಲೋ ಆತು ಎಂದಳು. ಯಾಕೆ ಚಲೋ ಎಂದಳೋ. ಶಿದ್ಲಿಂಗಪ್ಪ ಕೀಲಿ ತಿರುವಿದ.

ರೇಸ್ ಕೊಡಲಿಲ್ಲ. ಕಾಲು ತಾನಾಗಿ ಹೋಗಿತ್ತು, ಹಿಡಿದುಕೊಂಡ. ಊರು ದಾಟಿದ ಮೇಲೆ ಹಿಂಗಾರಿನ ಎರೆಹೊಲಗಳು ಎರಡೂ ಕಡೆ ತೆರೆದುಕೊಂಡವು, ಕಡಲೆ ಹಸಿರು, ಮೆಣಸಿನ ಗಿಡಗಳ ಕೆಂಪು, ಮೇಲೆ ಇನ್ನೂ ಇಬ್ಬನಿಯ ಮಬ್ಬು. ಅವನು ರಸ್ತೆಯನ್ನು ನೋಡುತ್ತಿರಲಿಲ್ಲ, ನಿನ್ನೆಯ ಪರದೆಯ ಗೆರೆಯನ್ನು ನೋಡುತ್ತಿದ್ದ. ಈಗ ಏರಬೇಕು, ಮೆಲ್ಲಗೆ; ಈಗ ಹಾಗೇ ಇರಬೇಕು; ಈಗ ಇಳಿಯಬೇಕು. ಕಾಲ ಹೆಬ್ಬೆರಳಿನಿಂದ ಒತ್ತುತ್ತಿದ್ದ, ಬಿಸಿ ಹಾಲು ತುಂಬಿದ ಪಾತೇಲಿ ತೊಡೆಯ ಮೇಲಿಟ್ಟುಕೊಂಡವನ ಹಾಗೆ. ಸೈಕಲ್ಲಿನ ಮುದುಕನೊಬ್ಬ ಗಂಟೆ ಬಾರಿಸಿ ಅವನನ್ನು ದಾಟಿ ಹೋದ. ಟಪ್ಪಿನ ಮೇಲಿನ ಗೌಂಡಿಗಳು ಸೈಕಲ್ಲಿಗೆ ದಾರಿ ಬಿಡು ಎಂದು ಬಡಿದರು. ಇಷ್ಟು ದಿನ ಇವನ ಜೀಪಿನಲ್ಲಿ ಕೂತರೆ ಹೊಟ್ಟೆಯಲ್ಲಿನ ಚಹಾ ಬಾಯಿಗೆ ಬರುತ್ತಿತ್ತು, ಇವತ್ತು ಹೆಣ ಒಯ್ಯುವ ಗಾಡಿಯಲ್ಲಿ ಕೂತ ಹಾಗಾಗಿದೆ ಎಂದು ಒಬ್ಬ. ಅಳಿಯ ಮಾವನ ಮನೆಯಲ್ಲಿ ಉಣ್ಣುವ ಹಾಗೆ ಹೊಡೆಯುತ್ತಿದ್ದಾನೆ ಎಂದು ಇನ್ನೊಬ್ಬ. ಅವನು ಕಥೆ ಹೇಳಲಿ ಎಂದು ಅವರು ಕಾದರು. ಹೇಳಲು ಹೋದರೆ ಕಾಲು ಅದರ ಜೊತೆ ಹೋಗುತ್ತದೆಂದು ಅವನು ಬಾಯಿ ಮುಚ್ಚಿಕೊಂಡ. ಬಾಯಿ ಮುಚ್ಚಿದ ಮೇಲೆ ಗಾಡಿಯೊಳಗಿನ ಬೇರೆ ಸದ್ದುಗಳು ಕೇಳತೊಡಗಿದವು: ಪೆಟ್ಟಿಗೆಯ ಸಣ್ಣ ಗುಂಯ್, ಬಳೆಗಳ ಕಿಣಿ, ಅಕ್ಕನ ಉಸಿರು. ಅಕ್ಕನ ಉಸಿರಿಗೆ ಒಂದು ಸದ್ದು ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಇಂಜಿನ್ ಚಾಲೂ ಇರುತ್ತಿತ್ತಲ್ಲ. ಅದು ಮಗ್ಗುಲು ಮನೆಯಲ್ಲಿ ಯಾರೋ ಮೊರದಲ್ಲಿ ಕಾಳು ಕೇರಿದ ಹಾಗಿತ್ತು. ಚಿಕ್ಕಂದಿನಲ್ಲಿ ಅವನಿಗೆ ಜ್ವರ ಬಂದಾಗ ಇದೇ ಅಕ್ಕ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಈ ರಸ್ತೆಯಲ್ಲೇ ಬೆಣ್ಣಿಹಳ್ಳದ ತನಕ ನಡೆದಿದ್ದಳು. ಆಗ ಅವಳ ಬೆನ್ನಿಗೆ ಕಿವಿ ಹಚ್ಚಿದರೆ ಒಳಗೆ ಏನೂ ಕೇಳುತ್ತಿರಲಿಲ್ಲ, ಬರೀ ದಬ್ ದಬ್ ಎಂದು. ಇದು ಹೊಗೆಯದ್ದೇ ಇರಬೇಕೆಂದೇನೂ ಇಲ್ಲ. ವಯಸ್ಸಾಯಿತು. ಚಳಿ ಇದೆ. ಅಡುಗೆ ಒಗ್ಗರಣೆಯ ಘಾಟು ಇದೆ, ಮೆಣಸಿನಕಾಯಿ ರಾಶಿಯ ಘಾಟು ಇದೆ. ಒಂದು ಜೀಪು ಎಷ್ಟು ಬಿಟ್ಟೀತು, ಸ್ಟ್ಯಾಂಡಿನಲ್ಲಿ ಬೇರೆ ಗಾಡಿಗಳಿಲ್ಲವೇ, ಅವು ಅಂಗಡಿಗೆ ಬೆನ್ನು ಮಾಡುವುದಿಲ್ಲ ನಿಜ, ಆದರೆ ಗಾಳಿಗೆ ಬೆನ್ನು ಹೊಟ್ಟೆ ಇದೆಯೇ. ಕನ್ನಡಿಯಲ್ಲಿ ರೋಹಿಣಿಯ ಮುಖ ಲ್ಯಾಪ್‌ಟಾಪಿನ ಬೆಳಕಿನಲ್ಲಿತ್ತು. ಅವಳ ಹುಬ್ಬು ಗಂಟಾಗಿತ್ತು. ಏನ್ರಿ ಮೇಡಮ್ಮಾರ, ಹೆಂಗ ಬರ್ತೈತಿ, ಎಂದು ಅವನು ಕೇಳಿದ, ಬೇಕೆಂದೇ ಹಗುರಾಗಿ. ಭಾಳ ಸ್ವಚ್ಛ ಬರ್ತೈತ್ರಿ ಕಾಕಾ, ಎಂದಳು ಅವಳು. ಸಂತೋಷದಿಂದ ಹೇಳಿದ ಮಾತಲ್ಲ ಅದು. ಲೆಕ್ಕ ತಪ್ಪಿದವರು ಹೇಳುವ ಹಾಗಿತ್ತು.

ನವಲಗುಂದ ಇನ್ನೂ ಮುಂದಿದೆ ಎನ್ನುವಾಗ ಕಾಲುವೆಯ ಸೇತುವೆ ಬರುತ್ತದೆ. ಆ ಬಯಲು ಸೀಮೆಯಲ್ಲಿ ಏರು ಅಂತ ಇರುವುದು ಅದೊಂದೇ. ರಸ್ತೆ ಎದ್ದು ಕಾಲುವೆ ದಾಟಿ ಮತ್ತೆ ಮಲಗುತ್ತದೆ. ದಿನವೂ ಅವನು ಅರ್ಧ ಫರ್ಲಾಂಗಿನ ಹಿಂದಿನಿಂದಲೇ ಎಕ್ಸಲೇಟರ್ ನೆಲಕ್ಕೆ ತುಳಿದು ಒಂದೇ ಉಸಿರಿಗೆ ಹಾರಿಸುತ್ತಿದ್ದ, ಹಿಂದೆ ಆಕಾಶ ಕರ್ರಗಾಗುತ್ತಿತ್ತು, ಹೊಲದಲ್ಲಿ ಕಳೆ ತೆಗೆಯುವವರು ಮುಖಕ್ಕೆ ಸೆರಗು ಹಿಡಿಯುತ್ತಿದ್ದರು. ಇವತ್ತು ಗೆರೆಯ ಪ್ರಕಾರ ಹೋದ. ಏರಿನ ನಡುಮಧ್ಯದಲ್ಲಿ, ಆ ಗೆರೆಯಲ್ಲಿ ಎಂದೂ ಇಲ್ಲದ ಕುರಿ ಹಿಂಡು ಎದುರಿಗೆ ಬಂತು. ನಿಲ್ಲಿಸಿದ. ಕುರಿಗಳು ಎರಡೂ ಬಾಜು ಮೈ ಉಜ್ಜಿಕೊಂಡು ಇಳಿದು ಹೋದವು. ಮತ್ತೆ ಮೊದಲ ಗೇರು ಹಾಕಿ ಕ್ಲಚ್ ಬಿಟ್ಟರೆ ಜೀಪು ಒಮ್ಮೆ ನಡುಗಿ ಬಂದ್ ಬಿತ್ತು. ಇನ್ನೊಮ್ಮೆ ಎತ್ತಿದ, ಇಂಜಿನ್ ಹಸಿದ ದನದಂತೆ ಒದರಿ, ಎರಡು ಮೊಳ ಹೋಗಿ, ಹಿಂದಕ್ಕೆ ಜಾರಿತು. ಟಪ್ಪಿನ ಮೇಲಿನವರು ನಗುವುದನ್ನು ನಿಲ್ಲಿಸಿದರು. ಸ್ಕ್ರೂ ಇಳಿದ ಪಂಪು ಅಷ್ಟು ಮಂದಿಯನ್ನು ಎತ್ತುವುದಿಲ್ಲ ಎಂದು ಶಿದ್ಲಿಂಗಪ್ಪನ ಅಂಗಾಲಿಗೆ ಗೊತ್ತಾಯಿತು. ಹಣೆಯ ವಿಭೂತಿಯ ಮೇಲೆ ಬೆವರು ಇಳಿಯಿತು. ತುಂಬಿದ ಚಕ್ಕಡಿ ಏರಿಗೆ ಬಂದರೆ ಎತ್ತಿನ ಮೇಲೆ ಕನಿಕರ ಬಂದು ಮಂದಿ ಇಳಿಯುತ್ತಾರಲ್ಲ, ಹಾಗೆಯೇ ಒಬ್ಬೊಬ್ಬರಾಗಿ ಇಳಿದರು. ಗೌಂಡಿಗಳು ಧುಮುಕಿ ಹಿಂದೆ ಹೆಗಲು ಕೊಟ್ಟರು. ಪಾಪ, ಪರೀಕ್ಷೆ ಐತಿ ಅದಕ್ಕ ಇವತ್ತ, ಎಂದು ಜೈನಬಿ ಹೇಳಿದ್ದು ಕೇಳಿತು. ಖಾಲಿಯಾದ ಜೀಪು, ಪೆಟ್ಟಿಗೆ ಮತ್ತು ರೋಹಿಣಿ ಇಬ್ಬರನ್ನೇ ಹೊತ್ತು, ಸದ್ದಿಲ್ಲದೆ, ಹೊಗೆಯಿಲ್ಲದೆ ಸೇತುವೆಯ ನೆತ್ತಿ ಏರಿತು. ಲ್ಯಾಬಿನಲ್ಲೂ ಅದು ಅಷ್ಟು ಚೆಂದ ಏರಿರಲಿಲ್ಲ.

ನೆತ್ತಿಯ ಮೇಲೆ ನಿಲ್ಲಿಸಿ ಅವನು ಕನ್ನಡಿ ನೋಡಿದ. ಮಂದಿ ಏರಿನಲ್ಲಿ ನಡೆದು ಬರುತ್ತಿದ್ದರು, ಹೆಂಗಸರು ನಿರಿಗೆ ಹಿಡಿದು, ಗಂಡಸರು ಟವೆಲ್ ಕೊಡವುತ್ತ. ಎಲ್ಲರ ಹಿಂದೆ ತಾಯವ್ವ. ನಾಲ್ಕು ಹೆಜ್ಜೆ ಹಾಕುವುದು, ನಿಲ್ಲುವುದು. ನಿಂತಾಗ ಮೊಣಕಾಲ ಮೇಲೆ ಎರಡೂ ಕೈ ಊರಿ ಬಾಗುತ್ತಿದ್ದಳು, ಏನೋ ಕಳೆದುಕೊಂಡು ಹುಡುಕುವವಳ ಹಾಗೆ. ಅವಳ ಮತ್ತು ಜೀಪಿನ ನಡುವೆ ಗಾಳಿ ತಿಳಿಯಾಗಿತ್ತು. ಎಷ್ಟು ತಿಳಿಯೆಂದರೆ ಸೀರೆಯ ದಡಿಯ ಕೆಂಪು, ಹಣೆಯ ವಿಭೂತಿ, ತೆರೆದ ಬಾಯಿ, ಎಲ್ಲ ಸ್ಪಷ್ಟ ಕಾಣುತ್ತಿತ್ತು. ಇಷ್ಟು ವರ್ಷ ಕನ್ನಡಿಯಲ್ಲಿ ಅವಳು ಹೀಗೆ ಕಂಡಿರಲಿಲ್ಲ. ಜೈನಬಿ ಹಿಂದಿರುಗಿ ಹೋಗಿ ಅವಳ ರಟ್ಟೆ ಹಿಡಿದಳು. ಶಿದ್ಲಿಂಗಪ್ಪ ಇಳಿದು ಓಡಬೇಕೆಂದುಕೊಂಡ, ಇಳಿಯಲಿಲ್ಲ. ಬ್ರೇಕಿನ ಮೇಲಿನ ಕಾಲು ತೆಗೆದರೆ ಗಾಡಿ ಜಾರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹ್ಯಾಂಡ್ ಬ್ರೇಕು ಎಳೆದೇ ಇತ್ತು.

ತಾಯವ್ವ ಮೇಲೆ ಬಂದು ಸೇತುವೆಯ ಕಟ್ಟೆಯ ಮೇಲೆ ಕುಳಿತಳು. ಕೆಮ್ಮು ಬಂತು, ಹೋಯಿತು, ಮತ್ತೆ ಬಂತು. ರೋಹಿಣಿ ಲ್ಯಾಪ್‌ಟಾಪ್ ಮುಚ್ಚದೆ ಕೈಯಲ್ಲೇ ಹಿಡಿದು ಇಳಿದು, ಅವಳಿಗೆ ನೀರಿನ ಬಾಟಲಿ ಕೊಟ್ಟು, ಶಿದ್ಲಿಂಗಪ್ಪನ ಕಿಟಕಿಯ ಹತ್ತಿರ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಕಾಕಾ, ಲ್ಯಾಬಿಗಿಂತ ಸ್ವಚ್ಛ ಬಂದೈತ್ರಿ ಇಲ್ಲಿ. ನಾ ಇಷ್ಟು ಗಾಡಿ ನೋಡೀನಿ, ಹಂಗ ಒಂದೂ ಬಂದಿಲ್ಲ. ದಿನಾ ಹಿಂಗ ಮಂದಿ ಇಳದು ನಡೀತಾರೇನ್ರಿ?"

ಶಿದ್ಲಿಂಗಪ್ಪನ ಬಾಯಿ ತನ್ನ ಅಭ್ಯಾಸಕ್ಕೆ ತಕ್ಕ ಹಾಗೆ ತೆರೆಯಿತು. ಮಂದಿಗೆ ಕೂತು ಕೂತು ಬೊಜ್ಜು ಬರುತ್ತದೆ, ಅದಕ್ಕೆ ಸೇತುವೆ ಬಂದ ಕೂಡಲೇ ತಾನೇ ಎಲ್ಲರನ್ನೂ ಇಳಿಸುತ್ತೇನೆ, ಹೀಗೆ ನಡೆದು ನಡೆದು ಈ ಜೀಪಿನ ಮಂದಿಗೆ ಶುಗರ್ ಎಂಬುದೇ ಇಲ್ಲ, ಬೇಕಾದರೆ ನವಲಗುಂದದ ಡಾಕ್ಟರನ್ನು ಕೇಳಿ, ಎಂದು ಹೇಳಿಬಿಟ್ಟ. ಹೇಳುತ್ತಿರುವಾಗಲೇ ಅದು ಎಂದಿನ ಹಾಗೆ ಹಾರುವುದಿಲ್ಲ ಎಂದು ಗೊತ್ತಾಯಿತು. ಗೌಂಡಿಗಳು ಮುಖ ಮುಖ ನೋಡಿಕೊಂಡರು. ಜೈನಬಿ ಬಾಯಿ ತೆಗೆದಳು. ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು, ಹೇಳಲಿ ಎಂದೇ ಕಾದ. ಆದರೆ ಅವಳಿಗಿಂತ ಮೊದಲು ಕಟ್ಟೆಯ ಮೇಲಿಂದ ತಾಯವ್ವ, ಒಂದು ಕೈಯಲ್ಲಿ ಜೈನಬಿಯ ಸೆರಗು ಜಗ್ಗುತ್ತ, ರೋಹಿಣಿಯನ್ನು ನೋಡಿ ಮಾತಾಡಿದಳು. ಒಂದೊಂದು ಶಬ್ದಕ್ಕೂ ನಡುವೆ ಉಸಿರು ತಂದುಕೊಳ್ಳಬೇಕಾಗಿತ್ತು.

"ಹೌದ್ರಿ ಬಾಯಾರ. ದಿನಾ ಇಳೀತೀವಿ. ಖರೇನ ಹೇಳ್ತಾನ ನನ್ನ ತಮ್ಮ."

ಅವಳು ಜೀಪು ಹತ್ತುವವಳೇ ಅಲ್ಲ. ರೋಹಿಣಿಗೂ ಅದು ಮುಂಜಾನೆ ಜೈನಬಿಯ ಮಾತಿನಿಂದಲೇ ಗೊತ್ತಾಗಿತ್ತು. ಅವಳು ನೆಲ ನೋಡಿದಳು. ಅಕ್ಕನ ಮುಖದಲ್ಲಿ ಸುಳ್ಳು ಹೇಳಿದ ಯಾವ ಗುರುತೂ ಇರಲಿಲ್ಲ, ಬರೀ ದಣಿವು, ಮತ್ತು ಇಷ್ಟಾದರೂ ಆಯಿತಲ್ಲ ಎನ್ನುವಂಥ ಒಂದು ಸಮಾಧಾನ. ಡಾಕ್ಟರ ಕೋಣೆಯಲ್ಲಿ ಇವಳು ಕಿಟಕಿ ನೋಡಿರಲಿಲ್ಲ. ತನ್ನನ್ನೇ ನೋಡಿದ್ದಳು, ನೋಡಿ ಸುಮ್ಮನಾಗಿದ್ದಳು. ಆವತ್ತಿನಿಂದ ಇವತ್ತಿನ ತನಕ ತಾಟು ಮುಚ್ಚುತ್ತ ಸುಮ್ಮನೇ ಇದ್ದಳು. ಶಿದ್ಲಿಂಗಪ್ಪ ಇಂಜಿನ್ ಬಂದ್ ಮಾಡಿ ಇಳಿದ. ನೆಲಕ್ಕೆ ಕಾಲಿಟ್ಟಾಗ ತಾನು ಎಷ್ಟು ಗಿಡ್ಡ ಎಂದು ಅವನಿಗೆ ಅನ್ನಿಸಿತು. ಸೀಟಿನ ಮೇಲೆ ಹಾಗೆ ಅನ್ನಿಸುವುದಿಲ್ಲ.

"ಸುಳ್ಳರಿ ಮೇಡಮ್ಮಾರ," ಎಂದ. "ಆಕಿ ಹೇಳಿದ್ದೂ ಸುಳ್ಳು, ನಾ ಹೇಳಿದ್ದೂ ಸುಳ್ಳು. ಯಾರೂ ಇಳಿಯೂದಿಲ್ಲ. ಪಂಪಿನ ಸ್ಕ್ರೂ ಇಳಿಸಿ ತಂದೀನಿ. ನಿನ್ನೆ ನಿಮ್ಮ ಲ್ಯಾಬಿಗೂ ಹಂಗ ತಂದಿದ್ದೆ."

ರೋಹಿಣಿ ಲ್ಯಾಪ್‌ಟಾಪನ್ನು ಬಾನೆಟ್ಟಿನ ಮೇಲೆ ಇಟ್ಟಳು. ಎರಡು ದಿನದ ಕೆಲಸ ಹೋಯಿತು ಎಂದು ಬಯ್ಯುತ್ತಾಳೆ ಎಂದು ಅವನು ಕಾದ. ಅವಳು ಬಯ್ಯಲಿಲ್ಲ, ತಾನು ಆರ್‌ಟಿಓ ಅಲ್ಲ, ದಂಡ ಇಲ್ಲ ಎಂದು ಹೇಳಿದ್ದೆನಲ್ಲ, ಹೊಗೆ ಎಷ್ಟೇ ಬಂದರೂ ನಿಮಗೆ ಏನೂ ಆಗುತ್ತಿರಲಿಲ್ಲವಲ್ಲ, ಎಂದು ಮೆಲ್ಲಗೆ ಕೇಳಿದಳು.

"ಯಾಕ ಇಳಸಿದ್ರಿ ಕಾಕಾ?"

ಉತ್ತರ ದೊಡ್ಡದಾಗಿ ಹೇಳಬಹುದಿತ್ತು. ಹತ್ತು ಥರ ಹೇಳಬಹುದಿತ್ತು.

"ನಂದಲ್ಲ ಅಂತ ನಿಮ್ಮ ಪೆಟಗಿ ಕಡಿಂದ ಹೇಳಸಬೇಕಾಗಿತ್ರಿ."

"ಏನು ನಿಮ್ದಲ್ಲ?"

ಶಿದ್ಲಿಂಗಪ್ಪ ಅಕ್ಕನ ಕಡೆಗೆ ತಿರುಗಲಿಲ್ಲ. ಗದ್ದ ಎತ್ತಿ ಕಟ್ಟೆಯ ಕಡೆಗೆ ತೋರಿಸಿದ, ಅಲ್ಲಿ ತಾಯವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

"ಆ ಕೆಮ್ಮು," ಎಂದ. "ನಂದ ಐತ್ರಿ ಅದು."